ಲೂಸ್ ಕಾಂಟ್ಯಾಕ್ಟ್: ಒಂದು ಕಾಯಿಲೆಯ ಚರಿತ್ರೆ

ಹಳೆಯ ಆಂಪ್ಲಿಫಯರ್ ಅಥವಾ ರೇಡಿಯೊ ಇಟ್ಟುಕೊಂಡ ಮನೆಯವರಿಗೆಲ್ಲ ಈ ಕಾಯಿಲೆ ಗೊತ್ತಿರುತ್ತದೆ. ಹಾಡು ನಡೆಯುತ್ತಿರುವಾಗಲೇ ಎಡಗಡೆಯ ಸ್ಪೀಕರ್ ಮಂಕಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಎದ್ದು ಹೋಗಿ ಯಾವುದೋ ಒಂದು ಬಟನ್ ಒತ್ತಿ ಬಿಟ್ಟರೆ ಕರಕರ ಎಂದು ಸದ್ದು ಮರಳುತ್ತದೆ. ಎರಡು ದಿನ ಸರಿಯಿದ್ದು ಮತ್ತೆ ಅದೇ ಕಥೆ. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಗೆ ಒಯ್ಯಿರಿ, ಚೆನ್ನೈನ ರಿಚಿ ಸ್ಟ್ರೀಟಿಗೆ ಒಯ್ಯಿರಿ, ಬೆಂಗಳೂರಿನ ಎಸ್.ಪಿ. ರಸ್ತೆಗೇ ಒಯ್ಯಿರಿ, ರಿಪೇರಿಯವರ ಮಾತೃಭಾಷೆ ಬೇರೆಯಾದರೂ ಕಾಯಿಲೆಗೆ ಅವರು ಕೊಡುವ ಹೆಸರು ಒಂದೇ: ‘ಲೂಸ್ ಕಾಂಟ್ಯಾಕ್ಟ್’.

ಕನ್ನಡದಲ್ಲಿ ಈ ಮಾತು ಯಂತ್ರದಿಂದ ಹೊರಬಿದ್ದು ಮನುಷ್ಯರಿಗೂ ಅಂಟಿಕೊಂಡಿದೆ. ಹೇಳಿದ್ದು ಅರ್ಧ ತಲೆಗೆ ಹೋಗಿ ಅರ್ಧ ಹೋಗದವನನ್ನು ಹೀಗೆ ಕರೆಯುತ್ತೇವೆ. ಆದರೆ ಹಳೆಯ ಆಂಪ್ಲಿಫಯರಿನ ಮಟ್ಟಿಗೆ ಈ ಹೆಸರು ಹೆಚ್ಚಿನ ಸಲ ತಪ್ಪು. ಸ್ವಿಚ್ಚಿನೊಳಗೆ ಏನೂ ಸಡಿಲವಾಗಿರುವುದಿಲ್ಲ. ಲೋಹಕ್ಕೆ ಲೋಹ ಬಿಗಿಯಾಗಿಯೇ ಒತ್ತಿಕೊಂಡಿರುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದ ಒಂದು ಪೊರೆ ಬಂದು ಕೂತಿರುತ್ತದೆ, ಅಷ್ಟೆ. ಈ ಪೊರೆಗೆ ಒಂದು ಚರಿತ್ರೆಯಿದೆ. ಇಂದು ನಾವು ತೊಳೆದು ತೆಗೆಯುವ ಈ ದೋಷವನ್ನೇ ಹಿಂಬಾಲಿಸಿ ಹೋದವರಿಂದ ಮೈಕ್ರೊಫೋನ್ ಬಂತು, ನಿಸ್ತಂತು ಸಂದೇಶ ಹಿಡಿಯುವ ಮೊದಲ ಸಾಧನಗಳೂ ಬಂದವು. ಆ ಕಥೆ ಗೊತ್ತಿದ್ದರೆ ಸ್ವಿಚ್ ರಿಪೇರಿಯಲ್ಲಿ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದೂ ತಾನಾಗಿ ತಿಳಿಯುತ್ತದೆ.

ಬೆಳಕಿನ ಸ್ವಿಚ್ಚು, ಸದ್ದಿನ ಸ್ವಿಚ್ಚು

ಇಂಗ್ಲಿಷಿನಲ್ಲಿ ‘ಸ್ವಿಚ್’ ಅಂದರೆ ಮೊದಲಿಗೆ ಕುದುರೆ ಸವಾರನ ಕೈಯ ತೆಳ್ಳಗಿನ ಬೆತ್ತ. ಆಮೇಲೆ ಅದು ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಸಾಧನದ ಹೆಸರಾಯಿತು, ಕೊನೆಗೆ ವಿದ್ಯುತ್ತಿನ ದಾರಿ ತಿರುಗಿಸುವುದಕ್ಕೂ ಬಂತು. ‘ಕಾಂಟ್ಯಾಕ್ಟ್’ನ ಲ್ಯಾಟಿನ್ ಮೂಲದಲ್ಲಿ ಇರುವುದು ‘ಕೂಡಿ ಮುಟ್ಟುವುದು’ ಎಂಬ ಅರ್ಥ. ದಾರಿ ತಿರುಗಿಸುವುದು, ಮುಟ್ಟುವುದು: ಸ್ವಿಚ್ಚಿನ ಕೆಲಸ ಈ ಎರಡೇ.

ವಿದ್ಯುತ್ ದೀಪ ಮನೆಮನೆಗೆ ಬರತೊಡಗಿದಾಗ ಸ್ವಿಚ್ಚಿಗೆ ಇದ್ದ ಶತ್ರು ಪೊರೆಯಲ್ಲ, ಕಿಡಿ. ಲೋಹದ ಎರಡು ತುದಿಗಳನ್ನು ನಿಧಾನವಾಗಿ ಬಿಡಿಸಿದರೆ ನಡುವಿನ ಗಾಳಿಯಲ್ಲೇ ಉರಿಯುವ ಕಮಾನು ಹುಟ್ಟಿ ತುದಿಗಳನ್ನು ಸುಟ್ಟುಹಾಕುತ್ತಿತ್ತು. 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ ಇದಕ್ಕೆ ಪರಿಹಾರ ಕಂಡುಕೊಂಡರು. ನಮ್ಮ ಬೆರಳು ಎಷ್ಟೇ ನಿಧಾನವಾಗಿ ಚಲಿಸಿದರೂ ಒಳಗಿನ ಸ್ಪ್ರಿಂಗ್ ತುದಿಗಳನ್ನು ಫಕ್ಕನೆ ಬಿಡಿಸುವಂಥ ರಚನೆ ಅದು. ಇಂದಿಗೂ ಗೋಡೆಯ ಸ್ವಿಚ್ ‘ಟಕ್’ ಎನ್ನುವುದು ಅದೇ ತತ್ತ್ವದಿಂದ.

ಸದ್ದಿನ ಸ್ವಿಚ್ಚಿನ ಕಷ್ಟ ಇದಕ್ಕೆ ಪೂರ್ತಿ ತಿರುವುಮುರುವು. ಲೆಕ್ಕ ಹಾಕಿ ನೋಡೋಣ. 60 ವ್ಯಾಟಿನ ಬಲ್ಬಿನಲ್ಲಿ ಹರಿಯುವ ಕರೆಂಟು ಸುಮಾರು ಕಾಲು ಆಂಪಿಯರ್. ಗ್ರಾಮಫೋನ್ ತಟ್ಟೆಯ ಮೇಲಿನ ಮ್ಯಾಗ್ನೆಟಿಕ್ ಪಿಕಪ್ ಕೊಡುವುದು 5 ಮಿಲಿವೋಲ್ಟಿನ ಆಸುಪಾಸು; ಅದು 47 ಕಿಲೋಓಮ್‌ಗಳ ಒಳದಾರಿಗೆ ಹರಿದರೆ ಕರೆಂಟು ಆಂಪಿಯರಿನ ಕೋಟಿಯಲ್ಲೊಂದು ಪಾಲು. ಬಲ್ಬಿನದು ಇದರ 20 ಲಕ್ಷ ಪಟ್ಟಿಗೂ ಹೆಚ್ಚು. ಬಲ್ಬಿನ ಸ್ವಿಚ್ಚಿನಲ್ಲಿ ಪೊರೆ ಕೂತರೂ 230 ವೋಲ್ಟ್ ಅದನ್ನು ಒಡೆದುಕೊಂಡು ಹೋಗುತ್ತದೆ, ಸಣ್ಣ ಕಿಡಿ ಅದನ್ನು ಸುಟ್ಟೂ ಹಾಕುತ್ತದೆ. ಹಾಡಿನ ಮಿಲಿವೋಲ್ಟುಗಳಿಗೆ ಆ ಕಸುವಿಲ್ಲ. ಪೊರೆಯ ಮುಂದೆ ಬಂದು ಅದು ಸುಮ್ಮನೆ ನಿಂತುಬಿಡುತ್ತದೆ.

ಗ್ರೇಟ್ ಪೋರ್ಟ್‌ಲ್ಯಾಂಡ್ ಬೀದಿಯಲ್ಲಿ ನಡೆದಾಡಿದವರು

ಸಡಿಲ ಸಂಪರ್ಕದ ಸದ್ದಿಗೆ ಮೊದಲು ಗಮನಕೊಟ್ಟು ಕಿವಿಗೊಟ್ಟವರಲ್ಲಿ ಡೇವಿಡ್ ಎಡ್ವರ್ಡ್ ಹ್ಯೂಸ್ ಒಬ್ಬರು. ಅಕ್ಷರಗಳನ್ನು ಮುದ್ರಿಸುವ ಟೆಲಿಗ್ರಾಫ್ ಯಂತ್ರದಿಂದ ಅದಾಗಲೇ ಹೆಸರು ಮಾಡಿದ್ದರು, ದುಡ್ಡೂ ಮಾಡಿದ್ದರು. 1878ರಲ್ಲಿ ಅವರು ತೋರಿಸಿದ್ದು ಬಹಳ ಸರಳ. ಎರಡು ಮೊಳೆಗಳನ್ನು ಅಕ್ಕಪಕ್ಕ ಇಟ್ಟು ಅವುಗಳ ಮೇಲೆ ಇನ್ನೊಂದನ್ನು ಅಡ್ಡಲಾಗಿ ಸುಮ್ಮನೆ ಇಡಿ. ಬ್ಯಾಟರಿಯನ್ನೂ ಟೆಲಿಫೋನಿನ ಕಿವಿಗೂಡನ್ನೂ ಜೋಡಿಸಿ. ಮೇಜಿನ ಹತ್ತಿರ ಮಾತಾಡಿದರೆ ಮೊಳೆಗಳು ನಡುಗುತ್ತವೆ, ಸ್ಪರ್ಶದ ಒತ್ತಡ ಹೆಚ್ಚುಕಡಿಮೆಯಾಗುತ್ತದೆ, ಕರೆಂಟೂ ಅದಕ್ಕೆ ತಕ್ಕಂತೆ ಏರಿಳಿಯುತ್ತದೆ, ಮಾತು ಕೇಳಿಸುತ್ತದೆ. ಮೊಳೆಗಳ ಬದಲು ಇದ್ದಿಲಿನ ಕಡ್ಡಿ ಇಟ್ಟಾಗ ಇನ್ನೂ ಚೆನ್ನಾಗಿ ಕೇಳಿಸಿತು. ಇದನ್ನು ಅವರು ಮೈಕ್ರೊಫೋನ್ ಎಂದು ಕರೆದರು, ಪೇಟೆಂಟ್ ತೆಗೆದುಕೊಳ್ಳದೆ ಲೋಕಕ್ಕೆ ಬಿಟ್ಟುಕೊಟ್ಟರು. ಆಮೇಲೆ ಸುಮಾರು ನೂರು ವರ್ಷ ಟೆಲಿಫೋನಿನ ಬಾಯಿಯೊಳಗೆ ಇದ್ದದ್ದು ಇದ್ದಿಲಿನ ಕಾಳುಗಳ ಸಡಿಲ ಸಂಪರ್ಕವೇ.

ಮರುವರ್ಷ ಇನ್ನೊಂದು ಸಂಗತಿ ನಡೆಯಿತು. ಲಂಡನ್ನಿನ ಗ್ರೇಟ್ ಪೋರ್ಟ್‌ಲ್ಯಾಂಡ್ ಬೀದಿಯ ಮನೆಯಲ್ಲಿ ಹ್ಯೂಸ್ ಬೇರೇನೋ ಪ್ರಯೋಗ ಮಾಡುತ್ತಿದ್ದಾಗ ಟೆಲಿಫೋನಿನಲ್ಲಿ ಬರಬಾರದ ಸದ್ದು ಬಂತು. ಹುಡುಕಿ ನೋಡಿದರೆ ಒಂದು ಕಡೆ ಸಂಪರ್ಕ ಸಡಿಲವಾಗಿತ್ತು. ಬೇರೆ ಯಾರೇ ಆಗಿದ್ದರೂ ಅದನ್ನು ಬಿಗಿಮಾಡಿ ಕೆಲಸ ಮುಂದುವರಿಸುತ್ತಿದ್ದರು. ಹ್ಯೂಸ್ ಅದನ್ನು ಹಾಗೇ ಬಿಟ್ಟು, ಕಿಡಿ ಹಾರುವ ಉಪಕರಣದಿಂದ ದೂರ ದೂರ ಒಯ್ದು ಪರೀಕ್ಷಿಸಿದರು. ತಂತಿಯ ನಂಟೇ ಇಲ್ಲದಿದ್ದರೂ ಸದ್ದು ಬರುತ್ತಿತ್ತು. ಕಿವಿಗೂಡನ್ನು ಹಿಡಿದುಕೊಂಡು ಬೀದಿಯುದ್ದಕ್ಕೂ ನಡೆದರು. ಸುಮಾರು 500 ಗಜದವರೆಗೆ ಕೇಳಿಸಿತು. ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟದ್ದಕ್ಕೆ ಏಳೆಂಟು ವರ್ಷ ಮೊದಲಿನ ಮಾತಿದು.

1880ರ ಫೆಬ್ರವರಿಯಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಪಾಟಿಸ್‌ವುಡ್, ಜೀವವಿಜ್ಞಾನಿ ಹಕ್ಸ್ಲಿ ಮತ್ತು ಭೌತವಿಜ್ಞಾನಿ ಸ್ಟೋಕ್ಸ್ ಬಂದು ನೋಡಿದರು. ಇದರಲ್ಲಿ ಹೊಸದೇನೂ ಇಲ್ಲ, ಈಗಾಗಲೇ ಗೊತ್ತಿರುವ ಪ್ರೇರಣೆಯಿಂದಲೇ ಎಲ್ಲವನ್ನೂ ವಿವರಿಸಬಹುದು ಎಂದು ಸ್ಟೋಕ್ಸ್ ತೀರ್ಪು ಕೊಟ್ಟರು. ಹ್ಯೂಸ್ ಮನಸ್ಸು ಮುರಿದು ಪ್ರಕಟಿಸದೆ ಸುಮ್ಮನಾದರು. ವಿಷಯ ಅಚ್ಚಾದದ್ದು 1899ರಲ್ಲಿ. ಮುಂದಿನ ಜನವರಿಯಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಮಾರ್ಕೋನಿ ನಿಸ್ತಂತು ಸಂದೇಶಗಳನ್ನು ಸಮುದ್ರ ದಾಟಿಸುವ ಕೆಲಸದಲ್ಲಿದ್ದರು.

ತಟ್ಟಿದರೆ ಸರಿಹೋಗುವುದು ಏಕೆ

1890ರಲ್ಲಿ ಫ್ರಾನ್ಸಿನ ಎದ್ವಾರ್ ಬ್ರಾನ್ಲಿ ಗಾಜಿನ ಕೊಳವೆಯಲ್ಲಿ ಲೋಹದ ಅರದ ಪುಡಿ ತುಂಬಿ ಬ್ಯಾಟರಿಗೆ ಜೋಡಿಸಿದರು. ಕಾಳುಕಾಳಿನ ಮೇಲೂ ಪೊರೆ ಇದ್ದುದರಿಂದ ಕರೆಂಟು ಹರಿಯುವುದೇ ಕಷ್ಟವಾಗಿತ್ತು. ಹತ್ತಿರದಲ್ಲಿ ವಿದ್ಯುತ್ ಕಿಡಿ ಹಾರಿಸಿದ ಕೂಡಲೇ ದಾರಿ ತೆರೆದುಕೊಂಡಿತು. ಕಿಡಿ ನಿಂತ ಮೇಲೂ ತೆರೆದೇ ಇತ್ತು. ಮತ್ತೆ ಮುಚ್ಚಬೇಕೆಂದರೆ ಕೊಳವೆಯನ್ನು ಬೆರಳಿನಿಂದ ತಟ್ಟಬೇಕಾಗಿತ್ತು. ಇಂಗ್ಲೆಂಡಿನ ಆಲಿವರ್ ಲಾಜ್ ಇದಕ್ಕೆ ‘ಕೊಹೀರರ್’, ಅಂದರೆ ಅಂಟಿಕೊಳ್ಳುವಂಥದ್ದು ಎಂದು ಹೆಸರಿಟ್ಟರು, ತಟ್ಟುವುದಕ್ಕೂ ಒಂದು ಯಂತ್ರ ಜೋಡಿಸಿದರು.

ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರಿಗೆ ಈ ತಟ್ಟುವ ತಾಪತ್ರಯ ಬೇಡವಾಗಿತ್ತು. ಯಾವ ಲೋಹ ಯಾವುದಕ್ಕೆ ತಾಗಿದರೆ ಏನಾಗುತ್ತದೆ ಎಂದು ಅವರು ಒಂದೊಂದನ್ನೇ ಪರೀಕ್ಷಿಸಿದರು. ಕಬ್ಬಿಣ ಮತ್ತು ಪಾದರಸದ ಸಂಪರ್ಕ ತಟ್ಟದೆಯೇ ತಾನಾಗಿ ಮೊದಲಿನಂತಾಗುತ್ತದೆ ಎಂಬುದನ್ನು 1899ರಲ್ಲಿ ರಾಯಲ್ ಸೊಸೈಟಿಗೆ ವರದಿ ಮಾಡಿದರು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್‌ನಾಚೆಯ ಸಂಕೇತ ಹಿಡಿಯಲು ಬಳಸಿದ್ದೂ ಪಾದರಸದ ಕೊಹೀರರೇ. ಅದರ ಮೂಲ ಬೋಸರ ಕೆಲಸದಲ್ಲಿದೆ ಎಂದು ಇಂಜಿನಿಯರಿಂಗ್ ಚರಿತ್ರಕಾರರು ವಾದಿಸಿದ್ದಾರೆ. ಸೀಸದ ಅದಿರಾದ ಗಲೀನಾ ಹರಳಿನ ಸಂಪರ್ಕವನ್ನು ಬಳಸುವ ಸಾಧನಕ್ಕೆ ಬೋಸರಿಗೆ 1904ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ಕಿತು.

ಇದೆಲ್ಲ ನಿಮ್ಮ ಮನೆಯ ಆಂಪ್ಲಿಫಯರಿನೊಳಗೂ ನಡೆಯುತ್ತಿದೆ. ಎಪ್ಪತ್ತರ ದಶಕದ ಅನೇಕ ಜಪಾನಿ ಸೆಟ್ಟುಗಳಲ್ಲಿ ಸ್ಪೀಕರಿನ ರಕ್ಷಣೆಗೆ ಒಂದು ರಿಲೇ ಇರುತ್ತದೆ. ಅದೂ ಒಂದು ಸ್ವಿಚ್ಚೇ, ಬೆರಳಿನ ಬದಲು ವಿದ್ಯುತ್ಕಾಂತ ಒತ್ತುತ್ತದೆ. ಅದರ ತುದಿಗಳು ಕಪ್ಪಾದಾಗ ವಾಲ್ಯೂಮ್ ಕಡಿಮೆ ಇದ್ದರೆ ಒಂದು ಕಡೆಯ ಸದ್ದು ಒಡಕಾಗಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ವಾಲ್ಯೂಮ್ ಜೋರು ಮಾಡಿದರೆ ಫಟ್ಟನೆ ಬರುತ್ತದೆ. ಆಮೇಲೆ ಕಡಿಮೆ ಮಾಡಿದರೂ ಸ್ವಲ್ಪ ಹೊತ್ತು ಉಳಿಯುತ್ತದೆ. ವೋಲ್ಟೇಜು ಏರಿ ಪೊರೆ ಒಡೆಯಿತು, ದಾರಿ ತೆರೆಯಿತು. ಬ್ರಾನ್ಲಿಯ ಕೊಳವೆಯಲ್ಲಿ ಆದದ್ದೂ ಇದೇ. ಹಳೆಯ ಸೆಟ್ಟಿನಲ್ಲಿ ಕ್ಯಾಸೆಟ್ ಹಾಕಿದಾಗ ಹಿಂದಿನಿಂದ ಸಣ್ಣಗೆ ಊರಿನ ರೇಡಿಯೊ ಸ್ಟೇಷನ್ ಕೇಳಿಸುವುದಕ್ಕೆ ಎಷ್ಟೋ ಸಲ ಪೊರೆ ಕಟ್ಟಿದ ಒಂದು ಕಾಂಟ್ಯಾಕ್ಟ್ ಬೋಸರ ಹರಳಿನ ಕೆಲಸ ಮಾಡತೊಡಗಿರುವುದೇ ಕಾರಣ. ಇನ್ನು ರೇಡಿಯೊದ ತಲೆಯ ಮೇಲೆ ಒಂದು ಬಾರಿಸುವ ನಮ್ಮೆಲ್ಲರ ಮನೆಯ ಪದ್ಧತಿ ಲಾಜ್ ಯಂತ್ರದ ತಮ್ಮ ಇದ್ದಂತೆ, ಪರಿಣಾಮ ಮಾತ್ರ ಉಲ್ಟಾ. ಅವರು ತಟ್ಟುತ್ತಿದ್ದದ್ದು ಸಂಪರ್ಕ ಬಿಡಿಸಲು, ನಾವು ತಟ್ಟುವುದು ಕೂಡಿಸಲು.

ಎಷ್ಟು ಮುಟ್ಟಿದರೆ ಮುಟ್ಟಿದಂತೆ

ಎರಡು ಲೋಹಗಳು ಮುಟ್ಟಿಕೊಂಡಾಗ ನಿಜಕ್ಕೂ ಎಷ್ಟು ಜಾಗ ಮುಟ್ಟಿಕೊಂಡಿರುತ್ತದೆ? ಈ ಪ್ರಶ್ನೆಯನ್ನು ಜೀವಮಾನದ ಕೆಲಸ ಮಾಡಿಕೊಂಡವರು ಸ್ವೀಡನ್ ಮೂಲದ ರಾಗ್ನಾರ್ ಹೋಮ್. ಬರ್ಲಿನ್ನಿನ ಸೀಮೆನ್ಸ್‌ನಲ್ಲಿದ್ದು, ಯುದ್ಧದ ನಂತರ ಅಮೆರಿಕಕ್ಕೆ ಹೋದ ಅವರು 1940ರ ದಶಕದಲ್ಲಿ ವಿದ್ಯುತ್ ಸಂಪರ್ಕಗಳ ಬಗ್ಗೆ ಬರೆದ ಪುಸ್ತಕ ಆ ಕ್ಷೇತ್ರಕ್ಕೆ ಅಡಿಪಾಯ. ಕನ್ನಡಿಯಂತೆ ನುಣುಪಾಗಿ ಕಂಡರೂ ಲೋಹದ ಮೈ ಬೆಟ್ಟಗುಡ್ಡಗಳ ನಾಡು. ಎರಡು ಮೈಗಳು ಸೇರಿದಾಗ ತಾಗುವುದು ಕೆಲವೇ ಶಿಖರಗಳು. ಅವುಗಳಲ್ಲೂ ಪೊರೆ ಹರಿದು ಲೋಹಕ್ಕೆ ಲೋಹ ಸೋಕಿದ ಬಿಂದುಗಳಷ್ಟೇ ಕರೆಂಟು ದಾಟಿಸುತ್ತವೆ. ಪೊರೆಯನ್ನು ಒಡೆಯಲು ಕೆಲವೊಮ್ಮೆ ವೋಲ್ಟಿನ ಒಂದಂಶ ಸಾಕು, ಕೆಲವೊಮ್ಮೆ ಹಲವು ವೋಲ್ಟ್ ಬೇಕು. ಹಾಡಿನ ಮಿಲಿವೋಲ್ಟ್ ಎರಡಕ್ಕೂ ಸಾಲದು.

ಹಾಗಾದರೆ ಸಣ್ಣ ಸಂಕೇತದ ಸ್ವಿಚ್ಚು ಕೆಲಸ ಮಾಡುವುದು ಹೇಗೆ? ತಿಕ್ಕಾಟದಿಂದ. ಒಳ್ಳೆಯ ಆಡಿಯೊ ಸ್ವಿಚ್ಚಿನಲ್ಲಿ ತುದಿಗಳು ಬರಿದೇ ಬಂದು ತಾಗುವುದಿಲ್ಲ, ಒಂದರ ಮೇಲೊಂದು ಉಜ್ಜಿಕೊಂಡು ಹೋಗುತ್ತವೆ. ಪ್ರತಿ ಸಲ ತಿರುಗಿಸಿದಾಗಲೂ ಪೊರೆ ಒಂದಿಷ್ಟು ಕೆರೆದುಹೋಗುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನವರಿಗೆ ಇದು ಬಹಳ ಹಿಂದಿನಿಂದಲೂ ಗೊತ್ತಿತ್ತು. ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಎಕ್ಸ್‌ಚೇಂಜಿನ ಜೀವಾಳವೇ ಉಜ್ಜುವ ಕೈ: ಮುಂದೆ ಬಳಕೆಗೆ ಬಂದ ಮಾದರಿಗಳಲ್ಲಿ ಅದು ಮೊದಲು ಮೇಲೇರಿ, ಆಮೇಲೆ ಅಡ್ಡಕ್ಕೆ ತಿರುಗಿ, ನೂರು ಕಾಂಟ್ಯಾಕ್ಟುಗಳಲ್ಲಿ ಬೇಕಾದ್ದನ್ನು ಮುಟ್ಟುತ್ತದೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಮೊದಲಿಗೆ ತಯಾರಿಸಿದ್ದು ಇದೇ ಸ್ಟ್ರೌಜರ್ ಉಪಕರಣಗಳನ್ನು. ಆ ಎಕ್ಸ್‌ಚೇಂಜುಗಳಲ್ಲಿ ಕಾಂಟ್ಯಾಕ್ಟ್ ಒರೆಸುವುದು ದಿನನಿತ್ಯದ ಕೆಲಸವಾಗಿತ್ತು. ಇನ್ನೊಂದು ಉಪಾಯವೂ ಟೆಲಿಫೋನಿನವರಲ್ಲಿತ್ತು: ಮಾತು ಹರಿಯುವ ಸಂಪರ್ಕದಲ್ಲಿ ಜೊತೆಗೆ ಒಂದು ಸಣ್ಣ ಡಿಸಿ ಕರೆಂಟನ್ನೂ ಹರಿಸಿ ಪೊರೆ ಕೂರದಂತೆ ನೋಡಿಕೊಳ್ಳುವುದು. ಇದನ್ನು ಅವರು ಸಂಪರ್ಕವನ್ನು ‘ಒದ್ದೆ ಇಡುವುದು’ ಎನ್ನುತ್ತಿದ್ದರು, ಕರೆಂಟಿಲ್ಲದ್ದನ್ನು ‘ಒಣ’ ಸಂಪರ್ಕ ಎನ್ನುತ್ತಿದ್ದರು. ನೀರಿಗೂ ಇದಕ್ಕೂ ಸಂಬಂಧವಿಲ್ಲ.

ಮನೆಯ ಆಂಪ್ಲಿಫಯರಿನ ಸ್ವಿಚ್ಚುಗಳು ಬಹುಪಾಲು ‘ಒಣ’. ಹಾಗಾಗಿ ಅವು ಕೆಡುವುದು ಬಳಸಿ ಬಳಸಿ ಅಲ್ಲ, ಬಳಸದೆ. ರೋಗ ಮೊದಲು ಕಾಣುವುದು ವರ್ಷಕ್ಕೊಮ್ಮೆಯೂ ಮುಟ್ಟದ ‘ಟೇಪ್ ಮಾನಿಟರ್’ ಬಟನ್ನಿನಲ್ಲಿ. ಅದನ್ನು ಯಾರೂ ಒತ್ತದಿದ್ದರೂ ಪ್ರತಿ ಹಾಡೂ ಅದರ ಮೂಲಕವೇ ಹಾದುಹೋಗಬೇಕು.

ಹಳೆಯ ವಾಲ್ವ್ ರೇಡಿಯೊದ ಬ್ಯಾಂಡ್ ಸ್ವಿಚ್ಚಿನಲ್ಲಿ ಇದು ಇನ್ನೂ ಸ್ಪಷ್ಟ. 1952ರಲ್ಲಿ ಕೇಂದ್ರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದವು. ಜನ ಶಾರ್ಟ್‌ವೇವ್‌ಗೆ ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಬರುವವರೆಗೂ ಬೇರೆ ದಾರಿಯೂ ಇರಲಿಲ್ಲ. 1950ರಲ್ಲಿ ಶುರುವಾದ ಧಾರವಾಡದ ಕನ್ನಡ ಬೇಕೆಂದರೆ ಮತ್ತೆ ಮೀಡಿಯಂ ವೇವ್. ದೂರದೂರುಗಳಲ್ಲಿ ನೆಲೆಸಿದ್ದ ಕನ್ನಡಿಗರಿಗೆ ಮೀಡಿಯಂ ವೇವ್ ಅಲೆಗಳು ದೂರ ತಲುಪುವುದು ಕತ್ತಲಾದ ಮೇಲೆ. ಹೀಗೆ ಆಚೆಗೂ ಈಚೆಗೂ ತಿರುಗಿಸಿದ ಮನೆಗಳಲ್ಲಿ ಸ್ವಿಚ್ಚು ತನ್ನನ್ನು ತಾನೇ ತೊಳೆದುಕೊಂಡಿತು. ಒಂದೇ ಬ್ಯಾಂಡಿನಲ್ಲಿ ನಿಂತ ಸೆಟ್ಟುಗಳಲ್ಲಿ ಉಳಿದ ತುದಿಗಳು ಕಪ್ಪಾದವು.

ಕಪ್ಪು ಬಣ್ಣ ಎಲ್ಲಿಂದ ಬಂತು ಎಂದು ಕೇಳಿದರೆ ದೇವರ ಕೋಣೆಯ ಬೆಳ್ಳಿ ದೀಪವನ್ನು ನೋಡಿ. ಸ್ವಿಚ್ಚಿನ ತುದಿಗಳು ಸಾಮಾನ್ಯವಾಗಿ ಹಿತ್ತಾಳೆಯ ಮೇಲೆ ಬೆಳ್ಳಿ ಲೇಪಿಸಿದವು. ಗಾಳಿಯಲ್ಲಿನ ಗಂಧಕದ ಅನಿಲ ಬೆಳ್ಳಿಗೆ ತಗುಲಿ ಸಲ್ಫೈಡ್ ಆಗುತ್ತದೆ. ಚರಂಡಿ, ಕೊಳೆತ ನೀರಿನ ಹತ್ತಿರದ ಮನೆಗಳಲ್ಲಿ ಇದು ಬೇಗ. ಸೆಟ್ಟಿನ ಜೊತೆ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಇಟ್ಟರೂ ಸಾಕು.

ತೊಳೆಯುವ ಕ್ರಮ

ಮೊದಲು ಎಚ್ಚರಿಕೆ. ವಾಲ್ವ್ ಸೆಟ್ಟಿನೊಳಗೆ 200ರಿಂದ 300 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. ಎಸಿ-ಡಿಸಿ ಎರಡಕ್ಕೂ ಓಡುವ ಹಳೆಯ ಸೆಟ್ಟುಗಳಲ್ಲಿ ಲೋಹದ ಚಾಸಿಯೇ ನೇರವಾಗಿ ಮೇನ್ಸ್‌ಗೆ ಜೋಡಣೆಯಾಗಿರುತ್ತದೆ. ಅಭ್ಯಾಸವಿಲ್ಲದವರು ಅವುಗಳ ಹಿಂಬದಿ ಬಿಚ್ಚಬಾರದು.

ಟ್ರಾನ್ಸಿಸ್ಟರ್ ಆಂಪ್ಲಿಫಯರ್ ಆದರೆ ಬಿಚ್ಚುವ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ. ಪ್ಲಗ್ ಕಿತ್ತು, ಪ್ರತಿಯೊಂದು ಬಟನ್ನು, ಪ್ರತಿಯೊಂದು ನಾಬನ್ನು ಇಪ್ಪತ್ತು ಮೂವತ್ತು ಸಲ ಪೂರ್ತಿ ಆಡಿಸಿ. ಅರ್ಧದಷ್ಟು ದೂರುಗಳು ಇದರಲ್ಲೇ ಒಂದಿಷ್ಟು ದಿನಕ್ಕೆ ಅಡಗುತ್ತವೆ. ಮತ್ತೆ ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ತುಕ್ಕು ಹಿಡಿದ ಬೋಲ್ಟ್ ಸಡಿಲಿಸುವ ಸ್ಪ್ರೇ ಬೇರೆ, ಇದು ಬೇರೆ. ಸ್ವಿಚ್ಚಿನ ಸಣ್ಣ ಕಿಂಡಿಯಿಂದ ಎರಡು ಹನಿ ಒಳಗೆ ಬಿಟ್ಟು ಮತ್ತೆ ಆಡಿಸಿ, ಪೂರ್ತಿ ಆರಲು ಬಿಡಿ. ಬೋರ್ಡೆಲ್ಲ ತೊಯ್ಯುವಷ್ಟು ಹೊಡೆದರೆ ಕರಗಿದ ಕೊಳೆ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಹಿಂದಿನ ವರ್ಕ್‌ಶಾಪುಗಳಲ್ಲಿ ಇದಕ್ಕೆ ಸಿಟಿಸಿ, ಅಂದರೆ ಕಾರ್ಬನ್ ಟೆಟ್ರಾಕ್ಲೋರೈಡ್ ಬಳಸುತ್ತಿದ್ದರು. ಚೆನ್ನಾಗಿಯೇ ತೊಳೆಯುತ್ತಿತ್ತು, ಬಳಸಿದವರ ಪಿತ್ತಜನಕಾಂಗವನ್ನೂ ಕೆಡಿಸುತ್ತಿತ್ತು. ಓಜೋನ್ ಪದರದ ರಕ್ಷಣೆಗಾಗಿ ಆದ ಮಾಂಟ್ರಿಯಲ್ ಒಪ್ಪಂದದಡಿ ಅದರ ಬಳಕೆ ನಿಂತಿತು. ಹಳೆಯ ಬಾಟಲಿ ಸಿಕ್ಕರೂ ಮುಟ್ಟಬೇಡಿ.

ಎಲ್ಲ ಕರಕರವೂ ಕೊಳೆಯಲ್ಲ ಎಂಬುದನ್ನೂ ನೆನಪಿಡಬೇಕು. ವಾಲ್ಯೂಮ್ ನಾಬ್ ತೊಳೆದ ಮೇಲೂ ತಿರುಗಿಸುವಾಗ ಕೆರೆಯುತ್ತಿದ್ದರೆ, ಹಿಂದಿನ ಕೆಪಾಸಿಟರ್ ಸೋರಿ ನಾಬಿನ ಇದ್ದಿಲ ಪಟ್ಟಿಗೆ ಡಿಸಿ ಬರುತ್ತಿರಬಹುದು. ಮೀಟರ್ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಆಗ ಬದಲಿಸಬೇಕಾದ್ದು ಕೆಪಾಸಿಟರ್, ನಾಬ್ ಅಲ್ಲ. ಹ್ಯೂಸ್ ಮಾಡಿದ್ದೂ ಇದನ್ನೇ: ಸದ್ದನ್ನು ಅಡಗಿಸುವ ಮೊದಲು ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿದರು.

ಕೊನೆಯದಾಗಿ, ಇದರಲ್ಲಿ ಹಿಂದಿರುಗಿಸಲಾಗದ ತಪ್ಪು ಒಂದೇ, ಉಪ್ಪು ಕಾಗದ. ಕಪ್ಪಾದ ತುದಿಯನ್ನು ಅದರಿಂದ ಉಜ್ಜಿದರೆ ಹಿತ್ತಾಳೆ ಥಳಥಳ ಹೊಳೆಯುತ್ತದೆ, ಸದ್ದೂ ಕೂಡಲೇ ಬರುತ್ತದೆ, ಗಿರಾಕಿ ಖುಷಿಯಾಗಿ ದುಡ್ಡು ಕೊಟ್ಟು ಹೋಗುತ್ತಾನೆ. ಆದರೆ ಪೊರೆಯ ಜೊತೆಗೆ ಬೆಳ್ಳಿಯೂ ಹೋಗಿರುತ್ತದೆ. ಕೆಲವು ತಿಂಗಳಲ್ಲಿ ಬರಿ ಹಿತ್ತಾಳೆಯ ಮೇಲೆ ಮೊದಲಿಗಿಂತ ಗಟ್ಟಿ ಪೊರೆ ಬೆಳೆಯುತ್ತದೆ. ಆ ಸ್ವಿಚ್ಚನ್ನು ಈಗ ಯಾರೂ ತಯಾರಿಸುವುದಿಲ್ಲ. ಅದೇ ಮಾದರಿಯ ಇನ್ನೊಂದು ಸತ್ತ ಸೆಟ್ಟು ಸಿಕ್ಕರೆ ಮಾತ್ರ ಬದಲಿ ಸಿಗುತ್ತದೆ. ಕ್ಲೀನರ್ ಹಾಕಿದ ಗಟ್ಟಿ ಕಾಗದದ ಪಟ್ಟಿಯನ್ನು ತುದಿಗಳ ನಡುವೆ ಇಟ್ಟು ಮೆಲ್ಲಗೆ ಎಳೆದರೆ ಕೊಳೆ ಕಾಗದಕ್ಕೆ ಬರುತ್ತದೆ, ಬೆಳ್ಳಿ ಉಳಿಯುತ್ತದೆ. ಉಳಿದ ತೆಳು ಕಪ್ಪಿಗೆ ಹೆದರಬೇಕಿಲ್ಲ. ಸ್ವಿಚ್ಚು ಹೊಳೆಯಬೇಕಾಗಿಲ್ಲ, ಕೆಲವು ಬಿಂದುಗಳಲ್ಲಿ ಮುಟ್ಟಿದರೆ ಸಾಕು.

ಹಾಗಾಗಿ ಸೆಟ್ಟನ್ನು ರಿಪೇರಿಗೆ ಕೊಡುವಾಗ ಎಷ್ಟು ದುಡ್ಡು ಎಂದು ಕೇಳುವ ಮೊದಲು ಕಾಂಟ್ಯಾಕ್ಟನ್ನು ಏನು ಹಾಕಿ ತೊಳೆಯುತ್ತೀರಿ ಎಂದು ಕೇಳಿ. ಉತ್ತರ ಉಪ್ಪು ಕಾಗದ ಅಥವಾ ಎಮರಿ ಪೇಪರ್ ಎಂದಾದರೆ, ನಮಸ್ಕಾರ ಹೇಳಿ ಸೆಟ್ಟನ್ನು ಮನೆಗೆ ವಾಪಸು ತನ್ನಿ.